ಬೆಂಗಳೂರಿನ ಸುತ್ತಮುತ್ತ ಸಣ್ಣ ಊರಲ್ಲಿ ಮನೆ: ಯಾವುದಕ್ಕೆ ಲೋನ್ ಸಿಗುತ್ತೆ, ಯಾವುದನ್ನ ಆರಿಸ್ಕೋಬೇಕು

ದೊಡ್ಡಬಳ್ಳಾಪುರದಲ್ಲಿ ನಾವು ನೋಡಿದ ಎರಡು ಮನೆ ಮಧ್ಯೆ ಇದ್ದಿದ್ದು ಒಂದು ಟಾರ್ ರೋಡು ಅಷ್ಟೇ. ಎರಡೂ 30×40 ಸೈಟು, ಎರಡರಲ್ಲೂ ಎರಡು ರೂಮು, ಒಂದು ಹಾಲು, ಹಿಂದೆ ಬಟ್ಟೆ ಒಗೆಯೋ ಕಲ್ಲು, ಮುಂದೆ ಒಂದು ನುಗ್ಗೆ ಗಿಡ. ರೋಡಿನ ಈ ಕಡೆ ನಗರಸಭೆ, ಆ ಕಡೆ ಗ್ರಾಮ ಪಂಚಾಯಿತಿ. ಆ ಕಡೆ ಮನೆ 6 ಲಕ್ಷ ಕಮ್ಮಿ ಅಂತ ನಾನೂ ನಮ್ಮೆಜಮಾನ್ರೂ ಅದಕ್ಕೇ ಮನಸ್ಸು ಮಾಡಿ 50,000 ಟೋಕನ್ ಕೊಟ್ಟುಬಿಟ್ವಿ. ಹತ್ತು ದಿನ ಆದ್ಮೇಲೆ ಬ್ಯಾಂಕಿನ ಲಾಯರ್ ಹತ್ರ ಪೇಪರ್ ತಗೊಂಡು ಹೋದಾಗ ಅವರು ಎರಡು ನಿಮಿಷನೂ ನೋಡಲಿಲ್ಲ, ಹಾಳೆ ಮೇಲಿದ್ದ "ನಮೂನೆ 11ಬಿ" ಅನ್ನೋದರ ಮೇಲೆ ಬೆರಳಿಟ್ಟು "ಇದಕ್ಕೆ ಲೋನ್ ಆಗಲ್ಲಮ್ಮ" ಅಂದ್ರು. ಬ್ರೋಕರ್ ಫೋನ್ ಎತ್ತೋದು ನಿಲ್ಲಿಸಿದ, ಆ 50,000 ಇವತ್ತಿಗೂ ವಾಪಸ್ ಬಂದಿಲ್ಲ.

ಆಮೇಲೆ ನಾವು ರೋಡಿನ ಈ ಕಡೆನೇ ಬೇರೆ ಮನೆ ತಗೊಂಡ್ವಿ, ಅದು ಬೇರೆ ಕಥೆ. ಆದ್ರೆ ಅವತ್ತಿಂದ ಪೀಣ್ಯ, ದಾಸರಹಳ್ಳಿ, ಯಲಹಂಕ ಕಡೆ ಬಾಡಿಗೆಗೆ ಇರೋ ನೆಂಟರು, ಫ್ರೆಂಡ್ಸು, ನಮ್ಮೆಜಮಾನ್ರ ಫ್ಯಾಕ್ಟರಿಯವರು ಎಲ್ಲಾ ಕೇಳೋದು ಒಂದೇ ಪ್ರಶ್ನೆ: ಅಕ್ಕ, ಸಿಟಿ ಒಳಗೆ ಆಗಲ್ಲ, ನೆಲಮಂಗಲದಲ್ಲಿ ಸೈಟ್ ತಗೊಳ್ಳೋದಾ, ದೊಡ್ಡಬಳ್ಳಾಪುರದಲ್ಲಿ ಹಳೇ ಮನೆನಾ, ಮಾಗಡಿ ಹತ್ರ ಹಳ್ಳಿ ಮನೆನಾ, ಇಲ್ಲಾ ಆನೇಕಲ್ ಕಡೆ ಫ್ಲಾಟಾ? ಒಬ್ಬೊಬ್ಬರಿಗೂ ಫೋನಲ್ಲಿ ಹೇಳಿ ಸಾಕಾಗಿ ಇಲ್ಲಿ ಪೂರ್ತಿ ಬರೀತಿದೀನಿ.

ಮೊದಲು ಯಾವುದನ್ನ ನೋಡ್ಬೇಕು

ಎಲ್ಲರೂ ಮನೆ ನೋಡಿ, ರೇಟ್ ಮಾತಾಡಿ, ಕೊನೆಗೆ ಲೋನ್ ಬಗ್ಗೆ ಯೋಚ್ನೆ ಮಾಡ್ತಾರೆ. ನಾನು ಹೇಳೋದು ಉಲ್ಟಾ. ಪೇಪರ್ ಮೊದಲು, ಲೋನ್ ಎರಡನೇದು, ಮನೆ ಮೂರನೇದು. ಯಾಕಂದ್ರೆ ಇವತ್ತು ಬ್ಯಾಂಕ್ ಬೇಡ ಅಂದ ಮನೆನ ನಾಳೆ ನೀವು ಮಾರೋಕೆ ಹೋದಾಗ ಕೊಳ್ಳೋಕೆ ಬಂದವರ ಬ್ಯಾಂಕೂ ಬೇಡ ಅನ್ನುತ್ತೆ, ಆಗ ಪೂರ್ತಿ ಕ್ಯಾಶ್ ಇರೋರು ಮಾತ್ರ ಬರ್ತಾರೆ, ಅವರು ಕೇಳೋ ರೇಟೇ ಬೇರೆ.

ಪೇಪರ್ ಅಂದ್ರೆ ಏನೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ. ಪುರಸಭೆ, ನಗರಸಭೆ, ಪಟ್ಟಣ ಪಂಚಾಯಿತಿ ಒಳಗಿದ್ರೆ ಇ-ಖಾತಾ ಬೇಕು, ಅದೂ ಎ ಖಾತಾ, ಅಂದ್ರೆ ಕಾನೂನು ಪ್ರಕಾರ ಆಗಿರೋ ಆಸ್ತಿಗೆ ಕೊಡೋದು. 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ದೆ ರಿಜಿಸ್ಟ್ರೇಷನ್ನೇ ಆಗಲ್ಲ. 2025ರ ಫೆಬ್ರವರಿಯಿಂದ ಅನಧಿಕೃತ ಲೇಔಟ್ ಮನೆಗಳಿಗೂ ಸಣ್ಣ ಊರುಗಳಲ್ಲಿ ಬಿ ಖಾತಾ ಕೊಡೋಕೆ ಶುರು ಮಾಡಿದ್ರು, ಅದಕ್ಕೇ ಈಗ ಮಾರೋರು "ಇ-ಖಾತಾ ಇದೆ ಸಾರ್" ಅಂತಷ್ಟೇ ಹೇಳ್ತಾರೆ, ಅದು ಎ ನಾ ಬಿ ನಾ ಅಂತ ನೀವೇ ಬಾಯಿಬಿಟ್ಟು ಕೇಳ್ಬೇಕು. ಗ್ರಾಮ ಪಂಚಾಯಿತಿ ಒಳಗಿದ್ರೆ ಇ-ಸ್ವತ್ತು (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ಪೇಪರ್: ನಮೂನೆ 9 ಮತ್ತು 11ಎ ಎರಡೂ ಇದ್ರೆ ಒಳ್ಳೇದು. ಬರೀ 11ಬಿ ಅಂದ್ರೆ ಪಂಚಾಯಿತಿ ಕಂದಾಯ ತಗೋತಿದೆ ಅನ್ನೋದಕ್ಕೆ ದಾಖಲೆ, ಸೈಟು ಕಾನೂನು ಪ್ರಕಾರ ಆಗಿದೆ ಅನ್ನೋದಕ್ಕಲ್ಲ. ಇದರ ಜೊತೆಗೆ ಮೂಲಪತ್ರದಿಂದ ಇವತ್ತಿನವರೆಗೆ ಕ್ರಯಪತ್ರಗಳ ಸರಣಿ, ಕಾವೇರಿ ವೆಬ್‌ಸೈಟಲ್ಲಿ ತೆಗೆಸೋ ಇಸಿ (ಆಸ್ತಿ ಮೇಲೆ ಸಾಲ, ಹಿಂದಿನ ಮಾರಾಟ ಏನೇನಿದೆ ಅಂತ ತೋರಿಸೋ ಋಣಭಾರ ಪತ್ರ), ಜಮೀನಿನಿಂದ ಆದ ಸೈಟಾದ್ರೆ ಡಿಸಿ ಕನ್ವರ್ಷನ್ ಆರ್ಡರ್ (ವ್ಯವಸಾಯದ ಜಮೀನನ್ನ ಬೇರೆ ಕೆಲಸಕ್ಕೆ ಬಳಸೋಕೆ ಜಿಲ್ಲಾಧಿಕಾರಿ ಕೊಡೋ ಆದೇಶ), ಮನೆಗೆ ಅಪ್ರೂವ್ ಆದ ಪ್ಲಾನು, ಕಂದಾಯ ರಸೀದಿ.

ಎರಡನೇದು ಲೋನ್ ಯಾರು ಕೊಡ್ತಾರೆ, ಎಷ್ಟು ಬಡ್ಡಿಗೆ. ಮೂರನೇದು ಕೈಯಿಂದ ಎಷ್ಟು ಹಾಕ್ಬೇಕು. ಆರ್‌ಬಿಐ ರೂಲ್ಸ್ ಪ್ರಕಾರ 30 ಲಕ್ಷದವರೆಗಿನ ಹೋಮ್ ಲೋನಿಗೆ ಮನೆ ಬೆಲೆಯ 90 ಪರ್ಸೆಂಟ್‌ವರೆಗೂ ಕೊಡಬಹುದು, 30ರಿಂದ 75 ಲಕ್ಷಕ್ಕೆ 80 ಪರ್ಸೆಂಟ್, ಅದರ ಮೇಲೆ 75. ಇದು ಮೇಲಿನ ಮಿತಿ, ಕೊಡ್ಲೇಬೇಕು ಅಂತೇನಿಲ್ಲ. ಸ್ಟಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ದುಡ್ಡನ್ನ ಈ ಬೆಲೆಗೆ ಸೇರಿಸಲ್ಲ, ಅದು ಪೂರ್ತಿ ನಮ್ಮ ಜೇಬಿಂದಾನೇ. 2025ರ ಆಗಸ್ಟ್ 31ರಿಂದ ರಿಜಿಸ್ಟ್ರೇಷನ್ ಫೀಸ್ 1ರಿಂದ 2 ಪರ್ಸೆಂಟ್ ಆಯ್ತು, ಸ್ಟಾಂಪ್ ಡ್ಯೂಟಿ 5 ಪರ್ಸೆಂಟ್, ಸೆಸ್ಸು ಸರ್‌ಚಾರ್ಜು ಸೇರಿ ಒಟ್ಟು 7.6 ಪರ್ಸೆಂಟ್ ಹತ್ರ ಬರುತ್ತೆ. 34 ಲಕ್ಷದ ಮನೆಗೆ ಎರಡೂವರೆ ಲಕ್ಷದ ಮೇಲೆ. ಇದನ್ನ ಲೆಕ್ಕಕ್ಕೆ ಹಿಡಿಯದೇ ಕೊನೇ ವಾರದಲ್ಲಿ ಒಡವೆ ಅಡ ಇಟ್ಟವರನ್ನ ನಾನೇ ನೋಡಿದೀನಿ.

ಆಮೇಲೆ ನೀರು, ಓಡಾಟ, ಮಕ್ಕಳ ಸ್ಕೂಲು. ಇವು ನಿಮ್ಮ ನಿಮ್ಮ ಸಂಸಾರಕ್ಕೆ ಬಿಟ್ಟಿದ್ದು, ಆದ್ರೂ ಎಲ್ಲಿ ಬರುತ್ತೋ ಅಲ್ಲಿ ಹೇಳ್ತೀನಿ.

ಊರೊಳಗಿನ ಹಳೇ ಮನೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಅದರ ಪಕ್ಕದ ವಿಜಯಪುರ, ನೆಲಮಂಗಲ, ಹೊಸಕೋಟೆ, ಮಾಗಡಿ, ಕನಕಪುರ, ರಾಮನಗರ, ಚನ್ನಪಟ್ಟಣ, ಮಾಲೂರು, ಇಂಥ ಊರುಗಳ ಒಳಗೆ ಹದಿನೈದು ಇಪ್ಪತ್ತು ವರ್ಷದ ಮನೆಗಳು ಮಾರಾಟಕ್ಕೆ ಬರ್ತಾನೇ ಇರುತ್ತೆ, ಮಕ್ಕಳು ಬೆಂಗಳೂರಿಗೆ ಹೋಗಿರ್ತಾರೆ, ವಯಸ್ಸಾದವರು ಮಾರಿ ಅವರ ಜೊತೆ ಹೋಗ್ತಾರೆ. ಲೋನ್ ದೃಷ್ಟಿಯಿಂದ ಇದೇ ಎಲ್ಲಕ್ಕಿಂತ ಸುಲಭ. ಖಾತಾ ಸರಿ ಇದ್ರೆ ಸರ್ಕಾರಿ ಬ್ಯಾಂಕೇ ಕೊಡುತ್ತೆ, ನೀರಿನ ಕನೆಕ್ಷನ್ನು, ಕರೆಂಟು ಎಲ್ಲಾ ಇರುತ್ತೆ, ರಿಜಿಸ್ಟರ್ ಆದ ತಿಂಗಳಲ್ಲೇ ಬಾಡಿಗೆ ಉಳಿಯುತ್ತೆ.

ಕಷ್ಟ ಎಲ್ಲಿ ಅಂದ್ರೆ ಹಳೇ ಮನೆಗೆ ಪ್ಲಾನ್ ಇರಲ್ಲ, ಇದ್ರೂ ಕಟ್ಟಿರೋದು ಬೇರೆ ಥರ. ಇನ್ನೊಂದು, ಅಳತೆ. ನಾವು ತಗೊಂಡ ಮನೆಗೆ ಬ್ಯಾಂಕಿನ ಇಂಜಿನಿಯರ್ ವ್ಯಾಲ್ಯುಯೇಷನ್ನಿಗೆ ಬಂದಾಗ ಚಪ್ಪಲಿ ಬಾಗಿಲಲ್ಲಿ ಬಿಟ್ಟು ನೇರ ಹಿತ್ತಲಿಗೆ ಹೋದ್ರು. ಟೇಪ್ ಒಂದು ತುದಿ ನನ್ನ ಕೈಗೆ ಕೊಟ್ಟು ಕಾಂಪೌಂಡ್ ಗೋಡೆಗೆ ಒತ್ತಿ ಹಿಡ್ಕೊಳಿ ಅಂದ್ರು, ಇನ್ನೊಂದು ತುದಿ ರೋಡಿನವರೆಗೆ ಎಳೆದ್ರು. ಪೇಪರಲ್ಲಿ 40 ಅಡಿ, ಟೇಪಲ್ಲಿ 38 ಚಿಲ್ಲರೆ. ಆಮೇಲೆ ಕ್ರಯಪತ್ರ ತೆಗೆದು ಚಕ್ಕುಬಂದಿ ಓದಿದ್ರು, "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಖಾಲಿ ನಿವೇಶನ" ಅಂತ, ಪಶ್ಚಿಮದಲ್ಲಿ ಈಗ ಎರಡು ಅಂತಸ್ತಿನ ಮನೆ ನಿಂತಿದೆ, ಅವರ ಗೋಡೆನೇ ನಮ್ಮ ಕಡೆ ಒಂದೂವರೆ ಅಡಿ ಬಂದಿತ್ತು. ಬ್ಯಾಂಕ್ ಲೋನ್ ಕೊಡ್ತು, ಆದ್ರೆ ಟೇಪಲ್ಲಿ ಬಂದ ಅಳತೆಗೇ ಬೆಲೆ ಕಟ್ತು, ನಮಗೆ ಅಂದುಕೊಂಡಿದ್ದಕ್ಕಿಂತ ಒಂದೂಕಾಲು ಲಕ್ಷ ಲೋನ್ ಕಮ್ಮಿ ಬಂತು. ಅದನ್ನ ತೋರಿಸಿ ಮಾರೋರ ಹತ್ರ ಅಷ್ಟೇ ರೇಟ್ ಇಳಿಸಿಕೊಂಡ್ವಿ. ಹಾಗಾಗಿ ಮನೆ ನೋಡೋಕೆ ಹೋಗುವಾಗಲೇ ಒಂದು ಟೇಪ್ ತಗೊಂಡು ಹೋಗಿ, ನಾಚ್ಕೋಬೇಡಿ.

ಇನ್ನೊಂದು ವಿಷ್ಯ ಸಣ್ಣ ಊರಲ್ಲಿ ಜಾಸ್ತಿ: ಮಾರೋರು ಸ್ವಲ್ಪ ವೈಟ್ ಸ್ವಲ್ಪ ಬ್ಲಾಕ್ ಅಂತಾರೆ. 36 ಲಕ್ಷ ರೇಟು, 26ಕ್ಕೆ ರಿಜಿಸ್ಟರ್ ಮಾಡೋಣ ಅಂದ್ರೆ ಬ್ಯಾಂಕ್ ನೋಡೋದು ಆ 26ನ್ನೇ. ಬಾಕಿ 10 ಲಕ್ಷ ನೋಟಲ್ಲಿ ಎಲ್ಲಿಂದ ತರ್ತೀರ? ಲೋನ್ ಮೇಲೆ ಮನೆ ತಗೊಳ್ಳೋರಿಗೆ ಇದು ಆಗೋ ಮಾತಲ್ಲ, ಕಾನೂನು ಪ್ರಕಾರವೂ ತಪ್ಪು, ಮೊದಲನೇ ದಿನಾನೇ ಪೂರ್ತಿ ಬೆಲೆಗೆ ರಿಜಿಸ್ಟ್ರೇಷನ್ ಅಂತ ಹೇಳಿಬಿಡಿ.

ಊರೊಳಗಿನ ಮನೆಗೆ ಇನ್ನೊಂದು ಲಾಭ ಇದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0 ಅಂತ 2024ರ ಸೆಪ್ಟೆಂಬರ್ 1ರಿಂದ ಶುರುವಾಗಿದೆ. ದೇಶದಲ್ಲಿ ಎಲ್ಲೂ ಪಕ್ಕಾ ಮನೆ ಇಲ್ದಿರೋ, ವರ್ಷದ ಆದಾಯ 9 ಲಕ್ಷದೊಳಗಿರೋ ಕುಟುಂಬಕ್ಕೆ, ಮನೆ ಬೆಲೆ 35 ಲಕ್ಷ, ಲೋನ್ 25 ಲಕ್ಷದೊಳಗಿದ್ರೆ, ಮೊದಲ 8 ಲಕ್ಷಕ್ಕೆ 4 ಪರ್ಸೆಂಟ್ ಬಡ್ಡಿ ಸಬ್ಸಿಡಿ, ಒಟ್ಟು 1.80 ಲಕ್ಷದವರೆಗೆ, ಐದು ವರ್ಷ ಕಂತಲ್ಲಿ ಬರುತ್ತೆ. ನಮ್ಮ ಲೋನ್ ಅದಕ್ಕಿಂತ ಮುಂಚೆ ಆಗಿದ್ರಿಂದ ನಮಗೆ ಸಿಗಲಿಲ್ಲ. ಬೆಂಗಳೂರಲ್ಲಿ 35 ಲಕ್ಷಕ್ಕೆ ಮನೆ ಎಲ್ಲಿದೆ ಹೇಳಿ, ಈ ಮಿತಿಗೆ ಸರಿಯಾಗಿ ಕೂರೋದು ಈ ಸಣ್ಣ ಊರುಗಳ ಮನೆಗಳೇ. ಪುರಸಭೆ ಗಡಿ ಹೊರಗಿದ್ರೂ ನೋಟಿಫೈ ಆದ ಪ್ಲಾನಿಂಗ್ ಏರಿಯಾ ಒಳಗಿರೋ ಹಳ್ಳಿಗಳಿಗೂ ಇದು ಬರುತ್ತೆ, ಬ್ಯಾಂಕಲ್ಲಿ ಊರ ಹೆಸರು, ಸರ್ವೆ ನಂಬರ್ ಕೊಟ್ಟು ಕೇಳಿ.

ಹಳ್ಳಿ ಒಳಗಿನ ಗ್ರಾಮಠಾಣಾ ಮನೆ

ಊರಿಂದ ನಾಲ್ಕೈದು ಕಿಲೋಮೀಟರ್ ಒಳಗೆ ಹೋದ್ರೆ ಹಳೇ ಹಳ್ಳಿಗಳಲ್ಲಿ ಗ್ರಾಮಠಾಣಾ ಜಾಗ ಇರುತ್ತೆ, ಅಂದ್ರೆ ತಲೆತಲಾಂತರದಿಂದ ಜನ ಮನೆ ಕಟ್ಕೊಂಡು ಬಂದಿರೋ ಜಾಗ. ಇದಕ್ಕೆ ಡಿಸಿ ಕನ್ವರ್ಷನ್ ಬೇಕಾಗಲ್ಲ ಯಾಕಂದ್ರೆ ಅದು ಜಮೀನೇ ಅಲ್ಲ. ಎಷ್ಟೋ ಜನ ಪಂಚಾಯಿತಿ ಮನೆ ಅಂದ ತಕ್ಷಣ ಲೋನ್ ಇಲ್ಲ ಅಂದ್ಕೊಂಡು ಬಿಟ್ಟುಬಿಡ್ತಾರೆ, ಅದು ತಪ್ಪು. ಮೋಜಿಣಿ ಸ್ಕೆಚ್ (ಸರ್ಕಾರಿ ಸರ್ವೆಯವರು ಅಳೆದು ಕೊಡೋ ನಕ್ಷೆ) ಮಾಡಿಸಿ, ನಮೂನೆ 9 ಮತ್ತು 11ಎ ತೆಗೆಸಿರೋ ಗ್ರಾಮಠಾಣಾ ಮನೆಗೆ, ಅದೇ ಊರಿನ ಸರ್ಕಾರಿ ಬ್ಯಾಂಕ್ ಬ್ರಾಂಚಲ್ಲಿ ಲೋನ್ ಕೊಡ್ತಾರೆ. ಬೆಂಗಳೂರಿನ ಬ್ರಾಂಚಲ್ಲಿ ಕೇಳಿದ್ರೆ "ಅಷ್ಟು ದೂರ ಆಗಲ್ಲ" ಅಂತಾರೆ, ತಾಲ್ಲೂಕಿನ ಬ್ರಾಂಚಿಗೇ ಹೋಗಿ, ಅವರಿಗೆ ಆ ಹಳ್ಳಿ, ಆ ಪೇಪರ್, ಆ ಪಿಡಿಒ ಎಲ್ಲಾ ಗೊತ್ತಿರುತ್ತೆ.

ರೇಟ್ ಕಮ್ಮಿ, ಜಾಗ ಜಾಸ್ತಿ, ದನ ಕಟ್ಟೋಕೂ ಜಾಗ. ಆದ್ರೆ ಇಲ್ಲಿ ಪೇಪರಿಗಿಂತ ದೊಡ್ಡ ತಲೆನೋವು ಅಂದ್ರೆ ಭಾಗ. ಅಜ್ಜನ ಹೆಸರಲ್ಲಿ ಇರೋ ಮನೆ, ಮೂರು ಜನ ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು, ಒಬ್ಬರು ಬಂದು ಮಾರ್ತೀನಿ ಅಂತಾರೆ. ವಂಶವೃಕ್ಷ ತೆಗೆಸಿ ಅದರಲ್ಲಿರೋ ಪ್ರತಿಯೊಬ್ಬರೂ ಕ್ರಯಪತ್ರಕ್ಕೆ ಸಹಿ ಹಾಕ್ತಾರಾ, ಇಲ್ಲಾ ರಿಜಿಸ್ಟರ್ ಆದ ಪಾಲುಪಟ್ಟಿ ಇದೆಯಾ ನೋಡಿ. ಮದುವೆಯಾಗಿ ಹೋದ ಅಕ್ಕ ತಂಗಿಯರದೂ ಸಹಿ ಬೇಕು, ಅವರಿಗೂ ಸಮಪಾಲಿದೆ. ಜಿಪಿಎ (ಮಾಲೀಕರ ಪರವಾಗಿ ವ್ಯವಹಾರ ಮಾಡೋಕೆ ಕೊಟ್ಟ ಅಧಿಕಾರಪತ್ರ) ಮೇಲೆ ಮಾರ್ತೀವಿ ಅಂದ್ರೆ ಎದ್ದು ಬನ್ನಿ, ಜಿಪಿಎ ಇಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಮತ್ತೆ ಸರ್ಕಾರದಿಂದ ಮಂಜೂರಾದ ಜಾಗನಾ ಅಂತ ಕೇಳ್ಲೇಬೇಕು. ಎಸ್‌ಸಿ ಎಸ್‌ಟಿಯವರಿಗೆ ಮಂಜೂರಾದ ಜಮೀನನ್ನ ಸರ್ಕಾರದ ಅನುಮತಿ ಇಲ್ದೆ ಮಾರೋ ಹಾಗಿಲ್ಲ, 1978ರ ಪಿಟಿಸಿಎಲ್ ಕಾಯ್ದೆ, 2023ರಲ್ಲಿ ತಿದ್ದುಪಡಿ ಮಾಡಿ ಎಷ್ಟು ವರ್ಷ ಆಗಿದ್ರೂ ಅವರು ವಾಪಸ್ ಕೇಳಬಹುದು ಅಂತ ಮಾಡಿದಾರೆ. ಅದು ಅವರ ಹಕ್ಕು, ಸರಿಯಾಗೇ ಇದೆ. ಗೊತ್ತಿಲ್ದೆ ತಗೊಂಡವರು ಮನೆನೂ ಕಳ್ಕೊಂಡು ಲೋನೂ ಕಟ್ಟೋ ಹಾಗಾಗುತ್ತೆ, ಬ್ಯಾಂಕ್ ಲಾಯರೂ ಇದನ್ನೇ ಮೊದಲು ನೋಡೋದು.

ಲೇಔಟಲ್ಲಿ ಸೈಟ್ ತಗೊಂಡು ಕಟ್ಟೋದು

ನೆಲಮಂಗಲ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಸುತ್ತ ಹೋದ್ರೆ ಕಂಬಕ್ಕೊಂದು ಬೋರ್ಡು, "ಡಿಸಿ ಕನ್ವರ್ಟೆಡ್, ಬ್ಯಾಂಕ್ ಲೋನ್ ಲಭ್ಯ". ಇಲ್ಲೇ ಜನ ಜಾಸ್ತಿ ಎಡವೋದು. ಡಿಸಿ ಕನ್ವರ್ಷನ್ ಆಗಿದೆ ಅಂದ್ರೆ ಆ ಜಮೀನಲ್ಲಿ ವ್ಯವಸಾಯ ಬಿಟ್ಟು ಬೇರೆ ಕೆಲಸ ಮಾಡಬಹುದು ಅಂತಷ್ಟೇ, ಸೈಟುಗಳಾಗಿ ತುಂಡು ಮಾಡೋಕೆ ಪ್ಲಾನಿಂಗ್ ಪ್ರಾಧಿಕಾರದ ಲೇಔಟ್ ಅಪ್ರೂವಲ್ ಬೇರೆ ಬೇಕು. ಬೆಂಗಳೂರಿನ ಸುತ್ತ ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಕೆಳಗೆ ಬರೋ ನೆಲಮಂಗಲ, ಹೊಸಕೋಟೆ, ಆನೇಕಲ್, ಮಾಗಡಿ, ಕನಕಪುರ, ರಾಮನಗರ-ಚನ್ನಪಟ್ಟಣ ಪ್ರಾಧಿಕಾರಗಳು, ದೇವನಹಳ್ಳಿ ಕಡೆ ಬಿಯಾಪಾ (ವಿಮಾನ ನಿಲ್ದಾಣದ ಸುತ್ತಲಿನ ಯೋಜನಾ ಪ್ರಾಧಿಕಾರ), ಇವೇ ಆ ಅಪ್ರೂವಲ್ ಕೊಡೋದು. ಅಪ್ರೂವ್ ಆದ ಮೇಲೂ ಡೆವಲಪರ್ ರಸ್ತೆ, ಚರಂಡಿ, ಕರೆಂಟ್ ಕೆಲಸ ಮಾಡಿದ ಹಾಗೆ ಪ್ರಾಧಿಕಾರ ಹಂತ ಹಂತವಾಗಿ ಸೈಟ್ ರಿಲೀಸ್ ಮಾಡುತ್ತೆ, ನಿಮ್ಮ ಸೈಟ್ ನಂಬರ್ ರಿಲೀಸ್ ಪತ್ರದಲ್ಲಿ ಇದೆಯಾ ಅಂತ ಕಣ್ಣಾರೆ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಲೇಔಟಾದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಇರ್ಬೇಕು.

ಲೋನ್ ವಿಷ್ಯಕ್ಕೆ ಬಂದ್ರೆ ಬರೀ ಸೈಟ್ ಲೋನ್ ತಗೊಂಡ್ರೆ ಬ್ಯಾಂಕುಗಳು ಹೋಮ್ ಲೋನಿನಷ್ಟು ಪರ್ಸೆಂಟ್ ಕೊಡಲ್ಲ, ಟ್ಯಾಕ್ಸ್ ವಿನಾಯ್ತಿನೂ ಮನೆ ಕಟ್ಟೋವರೆಗೆ ಇಲ್ಲ. ಸೈಟು ಮತ್ತು ಕಟ್ಟೋ ಖರ್ಚು ಸೇರಿಸಿ ಕಾಂಪೋಸಿಟ್ ಲೋನ್ ಅಂತ ಕೇಳಿ, ಕಟ್ಟೋ ಭಾಗ ಕೆಲಸ ಆದ ಹಾಗೆ ಕಂತಲ್ಲಿ ಬಿಡುಗಡೆ ಮಾಡ್ತಾರೆ, ಇಂತಿಷ್ಟು ವರ್ಷದೊಳಗೆ ಕಟ್ಟಿ ಮುಗಿಸ್ಬೇಕು ಅಂತ ಕಂಡೀಶನ್ ಇರುತ್ತೆ. ಈಗ ಚದರಕ್ಕೆ 2 ಲಕ್ಷಕ್ಕಿಂತ ಕಮ್ಮಿಗೆ ಒಳ್ಳೇ ಮೇಸ್ತ್ರಿ ಒಪ್ಪಲ್ಲ, 8 ಚದರದ ಮನೆಗೆ 16ರಿಂದ 18 ಲಕ್ಷ ಇಟ್ಕೊಳ್ಳಿ, ಅದರ ಮೇಲೆ ಬೋರ್‌ವೆಲ್ಲು. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರ ಕಡೆ ಬೋರು ಸಾವಿರ ಅಡಿ ದಾಟೋದು ಹೊಸದಲ್ಲ, ದಾಟಿದ್ರೂ ನೀರು ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಮನೆ ಕಟ್ಟೋವಾಗ ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಬಡ್ಡಿ, ಆ ಒಂದು ಒಂದೂವರೆ ವರ್ಷ ತುಂಬಾ ಗಟ್ಟಿಯಾಗಿರ್ಬೇಕು. ಕೈಯಲ್ಲಿ 10-12 ಲಕ್ಷ ಉಳಿತಾಯ ಇದ್ದು, ಇಬ್ಬರೂ ದುಡಿಯೋರಾದ್ರೆ ಮಾತ್ರ ನಾನು ಇದಕ್ಕೆ ಹೂಂ ಅಂತೀನಿ.

ಸೈಟ್ ನೋಡೋವಾಗ ಇನ್ನೊಂದು: ಆ ಸರ್ವೆ ನಂಬರ್ ಕೆಐಎಡಿಬಿ (ಕೈಗಾರಿಕೆಗೆ ಜಮೀನು ಸ್ವಾಧೀನ ಮಾಡೋ ಸರ್ಕಾರಿ ಮಂಡಳಿ) 28(1) ನೋಟಿಫಿಕೇಷನ್ನಲ್ಲೋ, ಸ್ಯಾಟಲೈಟ್ ಟೌನ್ ರಿಂಗ್ ರೋಡಿನ ಸ್ವಾಧೀನದಲ್ಲೋ ಇದೆಯಾ ಅಂತ ನೋಡ್ಬೇಕು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು 2025ರ ಜುಲೈನಲ್ಲಿ 1,777 ಎಕರೆ ಸ್ವಾಧೀನ ಕೈಬಿಡಿಸಿಕೊಂಡ್ರು, ಅಷ್ಟು ವರ್ಷ ಆ ಜಮೀನುಗಳ ಮೇಲೆ ನೋಟಿಫಿಕೇಷನ್ ತೂಗ್ತಾನೇ ಇತ್ತು. ಅಂಥ ಜಾಗಕ್ಕೆ ಯಾವ ಬ್ಯಾಂಕೂ ಕೈ ಹಾಕಲ್ಲ.

ಗೃಹಮಂಡಳಿಯವರ ಲೇಔಟಲ್ಲಿ, ಆನೇಕಲ್ ಕಡೆ ಸೂರ್ಯನಗರ ಥರ, ಸಿಕ್ಕಿದ್ರೆ ಪೇಪರ್ ತಲೆನೋವೇ ಇಲ್ಲ, ಆದ್ರೆ ಅರ್ಜಿ ಹಾಕಿ ಕಾಯ್ಬೇಕು. ಆತುರ ಇಲ್ದಿರೋರು ಅರ್ಜಿ ಹಾಕಿಟ್ಟಿರಿ.

ಫ್ಲಾಟು

ಇದರ ಬಗ್ಗೆ ಜಾಸ್ತಿ ಹೇಳಲ್ಲ. ಬಿಲ್ಡರ್ ಪ್ರಾಜೆಕ್ಟಿಗೆ ಬ್ಯಾಂಕ್ ಅಪ್ರೂವಲ್ ಮೊದಲೇ ಆಗಿದ್ರೆ ಲೋನ್ ಹತ್ತು ಹದಿನೈದು ದಿನದಲ್ಲಿ ಆಗುತ್ತೆ, ಹೊಸ ಫ್ಲಾಟ್ ಮೊದಲನೇ ಸಲ ರಿಜಿಸ್ಟರ್ ಆಗುವಾಗ 45 ಲಕ್ಷದೊಳಗಿದ್ರೆ ಸ್ಟಾಂಪ್ ಡ್ಯೂಟಿ 5ರ ಬದಲು 3 ಪರ್ಸೆಂಟು, 40 ಲಕ್ಷಕ್ಕೆ 80,000 ಉಳಿಯುತ್ತೆ. ಕಟ್ತಾ ಇರೋ ಫ್ಲಾಟಾದ್ರೆ ಜಿಎಸ್‌ಟಿ 1 ಅಥವಾ 5 ಪರ್ಸೆಂಟ್ ಬೀಳುತ್ತೆ, ಓಸಿ (ಕಟ್ಟಡ ವಾಸಕ್ಕೆ ಸಿದ್ಧ ಅಂತ ಕೊಡೋ ಪ್ರಮಾಣಪತ್ರ) ಬಂದಿರೋದಕ್ಕೆ ಇಲ್ಲ. ಓಸಿ ಬಂದಿರೋದನ್ನೇ ತಗೊಳ್ಳಿ. 2024ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಕರೆಂಟ್ ಕನೆಕ್ಷನ್ನಿಗೂ ಓಸಿ ಕೇಳೋ ಹಾಗಾಯ್ತು, ಎಷ್ಟೋ ಜನ ಮನೆ ಆಗಿದ್ರೂ ಟೆಂಪರರಿ ಕರೆಂಟಲ್ಲೇ ಇರ್ಬೇಕಾಯ್ತು. ಅಗ್ರಿಮೆಂಟ್ ರಿಜಿಸ್ಟರ್ ಆಗೋಕೆ ಮುಂಚೆ ಬೆಲೆಯ 10 ಪರ್ಸೆಂಟಿಗಿಂತ ಜಾಸ್ತಿ ಬಿಲ್ಡರ್ ಕೇಳೋ ಹಾಗಿಲ್ಲ, ರೇರಾ ಕಾಯ್ದೆಲಿ ಇದೆ.

ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಜಿಗಣಿ ಕಡೆ ಕೆಲಸ ಮಾಡೋರಿಗೆ ಫ್ಲಾಟ್ ಸರಿ ಹೋಗುತ್ತೆ, 2025ರ ಆಗಸ್ಟಲ್ಲಿ ಹಳದಿ ಲೈನ್ ಮೆಟ್ರೋ ಬೊಮ್ಮಸಂದ್ರದವರೆಗೂ ಬಂತು. ಬೇರೆ ಕಡೆ, ಅಂದ್ರೆ ಮಾಲೂರೋ ದೊಡ್ಡಬಳ್ಳಾಪುರನೋ ಆದ್ರೆ, ಅದೇ ದುಡ್ಡಿಗೆ ನೆಲ ಸಮೇತ ಮನೆ ಸಿಗುವಾಗ ಫ್ಲಾಟ್ ಕೊಳ್ಳೋರು ಕಮ್ಮಿ, ಹಾಗಾಗಿ ಮಾರೋದೂ ಕಷ್ಟ.

ರೆವಿನ್ಯೂ ಸೈಟು, 11ಬಿ ಮನೆ

ಈಗ ನಾವು ಟೋಕನ್ ಕಳ್ಕೊಂಡ ಮನೆ ವಿಷ್ಯ. ರೆವಿನ್ಯೂ ಸೈಟ್ ಅಂದ್ರೆ ಲೇಔಟ್ ಅಪ್ರೂವಲ್ ಇಲ್ದೆ ಜಮೀನನ್ನ ತುಂಡು ಮಾಡಿ ಮಾರಿದ ಸೈಟು. ಬ್ರೋಕರ್ ಅವತ್ತು ಹೇಳಿದ್ದು, "ಬ್ಯಾಂಕ್ ಬೇಡ ಅಕ್ಕ, ಫೈನಾನ್ಸಲ್ಲಿ ಮಾಡಿಸಿಕೊಡ್ತೀನಿ, 12 ಪರ್ಸೆಂಟು, ಮನೆ 6 ಲಕ್ಷ ಕಮ್ಮಿ ಅಲ್ವಾ" ಅಂತ. ಆ ರಾತ್ರಿ ನಮ್ಮೆಜಮಾನ್ರು ಮಗಳ ರಫ್ ಬುಕ್ಕಲ್ಲಿ ಲೆಕ್ಕ ಹಾಕಿದ್ರು, ಅದನ್ನ ಇಲ್ಲಿ ಹಾಕ್ತೀನಿ. 34 ಲಕ್ಷದ ಮನೆ, ಕೈಯಿಂದ 9, ಲೋನ್ 25 ಲಕ್ಷ, 8 ಪರ್ಸೆಂಟಲ್ಲಿ 20 ವರ್ಷಕ್ಕೆ ಇಎಂಐ 20,900 ಹತ್ರ. 28 ಲಕ್ಷದ ಮನೆ, ಕೈಯಿಂದ ಅದೇ 9, ಲೋನ್ 19 ಲಕ್ಷ, 12 ಪರ್ಸೆಂಟಲ್ಲಿ ಅದೇ 20 ವರ್ಷಕ್ಕೆ ಇಎಂಐ, ನಂಬ್ತೀರೋ ಇಲ್ವೋ, ಅದೂ 20,900 ಹತ್ರ. ಅಂದ್ರೆ ಆ 6 ಲಕ್ಷ ಪೂರ್ತಿ ಬಡ್ಡಿಗೆ ಹೋಯ್ತು. ತಿಂಗಳಿಗೆ ಕಟ್ಟೋದು ಒಂದೇ, ಸಿಗೋದು ಮಾತ್ರ ನಾಳೆ ಯಾರೂ ಕೊಳ್ಳದ ಮನೆ.

ಇಂಥ ಮನೆ ತಗೊಂಡಿರೋ ಜನರನ್ನ ನಾನು ಬೈಯಲ್ಲ. ಗಾರ್ಮೆಂಟ್ಸಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳು ಚೀಟಿ ಕಟ್ಟಿ ಕಟ್ಟಿ ಒಂದು 20×30 ರೆವಿನ್ಯೂ ಸೈಟ್ ತಗೊಂಡಿರ್ತಾರೆ, ಅವರಿಗೆ ಸ್ಯಾಲರಿ ಸ್ಲಿಪ್ ನೋಡಿ ಲೋನ್ ಕೊಡೋರು ಯಾರೂ ಇರಲಿಲ್ಲ. ಆದ್ರೆ ಬ್ಯಾಂಕ್ ಲೋನ್ ಸಿಗೋ ಕೆಲಸದಲ್ಲಿ ಇರೋರು ಬೆಲೆ ಕಮ್ಮಿ ಅಂತ ಇದಕ್ಕೆ ಹೋಗ್ಬೇಡಿ. "ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ" ಅನ್ನೋ ಮಾತಿನ ಮೇಲೆ 20 ವರ್ಷದ ಸಾಲ ಮಾಡೋದು ಬೇಡ.

ಸ್ವಂತ ಊರಲ್ಲೇ ಕಟ್ಟೋದು

ಅಪ್ಪನ ಜಾಗ ಮಾಗಡಿ, ಕುಣಿಗಲ್, ಗೌರಿಬಿದನೂರು ಕಡೆ ಹಳ್ಳಿಲಿ ಇದ್ರೆ ಎಷ್ಟೋ ಜನ ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ. ಜಾಗಕ್ಕೆ ದುಡ್ಡು ಹಾಕೋ ಹಾಗಿಲ್ಲ, ಬರೀ ಕಟ್ಟೋಕೆ 15 ಲಕ್ಷ ಲೋನ್ ಸಾಕು, 8 ಪರ್ಸೆಂಟಲ್ಲಿ 20 ವರ್ಷಕ್ಕೆ ತಿಂಗಳಿಗೆ 12,500 ಹತ್ರ ಅಷ್ಟೇ, ಈಗ ಕಟ್ತಿರೋ ಬಾಡಿಗೆಗಿಂತ ಕಮ್ಮಿ. ಜಾಗ ಅಪ್ಪನ ಹೆಸರಲ್ಲಿದ್ರೆ ಅಪ್ಪನ್ನೂ ಲೋನಿಗೆ ಸೇರಿಸ್ಬೇಕಾಗುತ್ತೆ, ಇಲ್ಲಾ ನಿಮ್ಮ ಹೆಸರಿಗೆ ದಾನಪತ್ರನೋ ವಿಭಾಗಪತ್ರನೋ ಮಾಡಿಸ್ಕೋಬೇಕು. ಇಲ್ಲೂ ನಮೂನೆ 9, 11ಎ ಬೇಕು, ಜಮೀನಲ್ಲಿ ಕಟ್ಟೋದಾದ್ರೆ ಕನ್ವರ್ಷನ್ ಬೇಕು, ಹೊಲದ ಮಧ್ಯೆ ಪಹಣಿ ತೋರಿಸಿ ಹೋಮ್ ಲೋನ್ ಕೇಳಿದ್ರೆ ಕೊಡಲ್ಲ.

ಗ್ರಾಮೀಣ ಆವಾಸ್ ಯೋಜನೆ ಬಗ್ಗೆ ತುಂಬಾ ಜನ ಕೇಳ್ತಾರೆ. ಅದು ಮನೆ ಕೊಳ್ಳೋಕಲ್ಲ, ಹಳ್ಳಿಲಿ ಸ್ವಂತ ಜಾಗದಲ್ಲಿ ಕಟ್ಟೋಕೆ, ಬಯಲು ಸೀಮೆಗೆ 1.20 ಲಕ್ಷ ಸಹಾಯಧನ, ಬೇಕಂದ್ರೆ 70,000 ತನಕ ಸಾಲ. ಪಟ್ಟಿಯಲ್ಲಿ ಹೆಸರಿರ್ಬೇಕು, ಗ್ರಾಮಸಭೆಲಿ ಒಪ್ಪಿಗೆ ಆಗ್ಬೇಕು, ಇನ್‌ಕಮ್ ಟ್ಯಾಕ್ಸ್ ಕಟ್ಟೋರು, ಮನೇಲಿ ಸರ್ಕಾರಿ ನೌಕರರಿರೋರು ಬರಲ್ಲ. ಊರಲ್ಲಿ ಗುಡಿಸಲಲ್ಲೋ ಹೆಂಚು ಬಿದ್ದ ಮನೆಲೋ ಇರೋ ನಿಮ್ಮ ದೊಡ್ಡಪ್ಪನಿಗೋ ಅತ್ತೆಗೋ ಇದು ಬೇಕಾಗಬಹುದು, ಪಿಡಿಒ ಹತ್ರ ಅವರ ಹೆಸರು ಪಟ್ಟಿಲಿದೆಯಾ ಅಂತ ಕೇಳಿಕೊಡಿ.

ತೊಂದ್ರೆ ಒಂದೇ, ಓಡಾಟ. ಅಲ್ಲಿಂದ ದಿನಾ ಪೀಣ್ಯಕ್ಕೆ ಬರೋಕಾಗುತ್ತಾ?

ಓಡಾಟದ ಬಗ್ಗೆ ಒಂದು ಮಾತು. ಟ್ರೈನ್ ಇರೋ ಊರು, ಇಲ್ದಿರೋ ಊರು ಅಂತ ಮೊದಲು ಭಾಗ ಮಾಡ್ಕೊಳ್ಳಿ. ತುಮಕೂರು, ದೊಡ್ಡಬಳ್ಳಾಪುರ, ಗೌರಿಬಿದನೂರು, ರಾಮನಗರ, ಚನ್ನಪಟ್ಟಣ, ಮಾಲೂರು, ಬಂಗಾರಪೇಟೆಗೆ ಟ್ರೈನ್ ಇದೆ, ತಿಂಗಳ ಪಾಸ್ ಮಾಡಿಸಿದ್ರೆ ಬಸ್ಸಿಗಿಂತ ಎಷ್ಟೋ ಕಮ್ಮಿ ಬೀಳುತ್ತೆ. ಮಾಗಡಿಗೆ, ಕನಕಪುರಕ್ಕೆ ಟ್ರೈನ್ ಇಲ್ಲ. ನೆಲಮಂಗಲದವರಿಗೆ 2024ರ ನವೆಂಬರಿಂದ ಮಾದಾವರದಲ್ಲಿ ಮೆಟ್ರೋ ಸಿಗುತ್ತೆ, ಅಲ್ಲಿವರೆಗೆ ಬಸ್ಸು. ಮನೆ ಫೈನಲ್ ಮಾಡೋ ಮುಂಚೆ ಒಂದು ಸೋಮವಾರ ಬೆಳಿಗ್ಗೆ ಆ ಊರಿಂದ ನಿಮ್ಮ ಶಿಫ್ಟ್ ಟೈಮಿಗೆ ಹೊರಟು ನೋಡಿ, ಭಾನುವಾರ ಕಾರಲ್ಲಿ ಹೋಗಿ ನೋಡಿದ್ರೆ ಏನೂ ಗೊತ್ತಾಗಲ್ಲ.

ಯಾರಿಗೆ ಯಾವುದು

ಕೈಗೆ 30-35 ಸಾವಿರ ಬರೋ ಒಬ್ಬರೇ ದುಡಿಯೋ ಮನೆಯಾದ್ರೆ ಬ್ಯಾಂಕ್ ಹೆಚ್ಚಂದ್ರೆ ಅರ್ಧ ಸಂಬಳದವರೆಗೆ ಇಎಂಐ ಒಪ್ಪುತ್ತೆ, ನಾನಾದ್ರೆ ಮೂರರಲ್ಲಿ ಒಂದು ಭಾಗಕ್ಕಿಂತ ಮೇಲೆ ಹೋಗ್ಬೇಡಿ ಅಂತೀನಿ. ಅಂದ್ರೆ 12-13 ಲಕ್ಷ ಲೋನು. ಅದಕ್ಕೆ ಸ್ವಂತ ಊರಲ್ಲಿ ಕಟ್ಟೋದು, ಇಲ್ಲಾ ಪೇಪರ್ ಸರಿ ಇರೋ ಗ್ರಾಮಠಾಣಾ ಮನೆ. ಇಬ್ಬರಿಂದ 60-70 ಸಾವಿರ ಬಂದ್ರೆ ಊರೊಳಗಿನ 35 ಲಕ್ಷದೊಳಗಿನ ಹಳೇ ಮನೆನೇ ನನ್ನ ಓಟು, ಸಬ್ಸಿಡಿಗೂ ಹೊಂದುತ್ತೆ, ಬಾಡಿಗೆನೂ ತಕ್ಷಣ ಉಳಿಯುತ್ತೆ, ಮುಂದೆ ಕೈಲಿ ದುಡ್ಡಾದಾಗ ಒಂದು ಮಹಡಿ ಎತ್ತಬಹುದು. ಒಂದು ಲಕ್ಷ ದಾಟಿದ್ರೆ, ಸ್ವಲ್ಪ ಉಳಿತಾಯನೂ ಇದ್ರೆ, ಅಪ್ರೂವ್ಡ್ ಲೇಔಟಲ್ಲಿ ಸೈಟ್ ತಗೊಂಡು ನಿಮಗೆ ಬೇಕಾದ ಹಾಗೆ ಕಟ್ಕೊಳ್ಳಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ರೆ ಲೇಔಟ್ ಬೇಡ, ಆಸ್ಪತ್ರೆ, ದಿನಸಿ ಅಂಗಡಿ ನಡ್ಕೊಂಡು ಹೋಗೋ ದೂರದಲ್ಲಿರೋ ಊರೊಳಗಿನ ಮನೆನೇ ಆಗ್ಲಿ.

ಇನ್ನು ಟೋಕನ್. ಯಾವ ಮನೆನೇ ಆಗ್ಲಿ, ದುಡ್ಡು ಕೊಡೋ ಮುಂಚೆ ಪೇಪರ್‌ಗಳ ಜೆರಾಕ್ಸ್ ತಗೊಂಡು ಯಾವ ಬ್ಯಾಂಕಲ್ಲಿ ಲೋನ್ ತಗೋಬೇಕು ಅಂತಿದೀರೋ ಅದೇ ಬ್ಯಾಂಕಿನ ಪ್ಯಾನಲ್ ಲಾಯರಿಗೆ ತೋರಿಸಿ, ಕೆಲವು ಸಾವಿರ ಫೀಸ್ ಆಗುತ್ತೆ, ಕೊಡಿ. ಪೇಪರ್ ಜೆರಾಕ್ಸ್ ಕೊಡಲ್ಲ, ಮೊದಲು ಟೋಕನ್ ಕೊಡಿ ಅನ್ನೋರ ಹತ್ರ ಮಾತು ಅಲ್ಲಿಗೇ ನಿಲ್ಲಿಸಿ. ಕೊಡೋದಾದ್ರೂ ಬ್ರೋಕರ್ ಕೈಗಲ್ಲ, ಮಾಲೀಕರ ಬ್ಯಾಂಕ್ ಅಕೌಂಟಿಗೆ. ಮತ್ತೆ ಸ್ಟಾಂಪ್ ಪೇಪರಲ್ಲಿ ಈ ಸಾಲು ಬರೆಸಿ, ನಾವು ಎರಡನೇ ಮನೆಗೆ ಇದನ್ನೇ ಬರೆಸಿದ್ವಿ, ಮಾರೋ ಅಜ್ಜಿ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ "ನ್ಯಾಯವಾಗೇ ಇದೆ" ಅಂತ ಸಹಿ ಹಾಕಿದ್ರು: "ದಾಖಲೆಗಳ ಕೊರತೆಯಿಂದ ಬ್ಯಾಂಕ್ ಸಾಲ ಮಂಜೂರಾಗದಿದ್ದಲ್ಲಿ ಮುಂಗಡದ ಪೂರ್ತಿ ಹಣವನ್ನು 15 ದಿನಗಳೊಳಗೆ ಹಿಂತಿರುಗಿಸತಕ್ಕದ್ದು."